ಸಿಂಗಾಪುರದಲ್ಲಿ ಐದು ದಿನದ ಆರ್ಬಿಟ್ರೇಷನ್ ಹಿಯರಿಂಗ್: ಮ್ಯಾಕ್ಸ್‌ವೆಲ್ ಚೇಂಬರ್ಸ್ ಹೇಗಿದೆ, ಜೊತೆಗೆ ಏನೇನು ಹೊಂದಿಸ್ಬೇಕು

ಮೊದ್ಲೇ ಹೇಳ್ಬಿಡ್ತೀನಿ, ನಾನು ಲಾಯರ್ ಅಲ್ಲ. ಪೀಣ್ಯದಲ್ಲಿ ಕಂಟ್ರೋಲ್ ಪ್ಯಾನಲ್ ಮಾಡೋ ಒಂದು ಕಂಪನಿಲಿ ಕಾಂಟ್ರಾಕ್ಟ್ಸ್ ನೋಡ್ಕೊಳ್ಳೋನು, ಪರ್ಚೇಸ್ ಆರ್ಡರ್, ಬ್ಯಾಂಕ್ ಗ್ಯಾರಂಟಿ, ಲೀಗಲ್ ನೋಟಿಸ್ ಎಲ್ಲ ಬಂದು ಬೀಳೋದು ನನ್ ಟೇಬಲ್ ಮೇಲೇನೇ. ಹೊರದೇಶದ ಬಯರ್ ಒಬ್ರ ಜೊತೆ ತಕರಾರಾಗಿ ಅದು ಸಿಂಗಾಪುರದ ಆರ್ಬಿಟ್ರೇಷನ್‌ಗೆ (ಕೋರ್ಟ್ ಬದಲು ಆರ್ಬಿಟ್ರೇಟರ್ ಅನ್ನೋ ಮಧ್ಯಸ್ಥರ ಮುಂದೆ ತೀರ್ಮಾನ ಮಾಡ್ಕೊಳ್ಳೋದು) ಹೋಯ್ತು, ಐದು ದಿನದ ಹಿಯರಿಂಗ್ ಅಂತ ಡೇಟ್ ಬಂತು, ಅದಕ್ಕೆ ಜಾಗ, ಊಟ, ಟ್ರಾನ್ಸ್‌ಕ್ರಿಪ್ಟ್, ದುಭಾಷಿ ಎಲ್ಲ ಹೊಂದಿಸೋದನ್ನ "ನೀನೇ ನೋಡ್ಕೊಳಪ್ಪ" ಅಂತ ನಮ್ ಎಂಡಿ ನನ್ ತಲೆಗೆ ಕಟ್ಟಿದ್ರು. ಕೇಸ್ ಯಾರು ಯಾರ ಮೇಲೆ ಹಾಕಿದ್ದು ಅಂತ ಮಾತ್ರ ಕೇಳ್ಬೇಡಿ, ಆರ್ಬಿಟ್ರೇಷನ್‌ನಲ್ಲಿ ಅದೆಲ್ಲ ಹೊರಗೆ ಹೇಳೋ ಹಾಗಿಲ್ಲ. ಆದ್ರೆ ಜಾಗದ ಬಗ್ಗೆ, ಈ ಕೆಲ್ಸದ ಬಗ್ಗೆ ಹೇಳ್ಬಹುದು. ನಾನು ಶುರು ಮಾಡ್ದಾಗ ಇದರ ಬಗ್ಗೆ ಕನ್ನಡದಲ್ಲಿ ಒಂದು ಸಾಲೂ ಸಿಗ್ಲಿಲ್ಲ, ಇಂಗ್ಲಿಷ್‌ನಲ್ಲಿ ಸಿಕ್ಕಿದ್ದೆಲ್ಲ ಲಾಯರ್‌ಗಳು ಲಾಯರ್‌ಗಳಿಗೆ ಬರ್ದಿದ್ದು.

ಮೊದಲ ವಾರ ಪೂರ್ತಿ ನಾನು ತಪ್ಪು ಜಾಗಕ್ಕೆ ಮೇಲ್ ಹಾಕ್ತಾ ಕೂತಿದ್ದೆ. ನಮ್ ಕಾಂಟ್ರಾಕ್ಟ್‌ನಲ್ಲಿ ಎಸ್‌ಐಎಸಿ ನಿಯಮ, ಸೀಟ್ ಸಿಂಗಾಪುರ ಅಂತ ಇತ್ತು. ಎಸ್‌ಐಎಸಿ ಅಂದ್ರೆ ಸಿಂಗಾಪುರದ ಅಂತಾರಾಷ್ಟ್ರೀಯ ಆರ್ಬಿಟ್ರೇಷನ್ ಸೆಂಟರ್, 1991ರಿಂದ ಇದೆ. ಸೆಂಟರ್ ಅಂದ್ಮೇಲೆ ಹಾಲ್ ಅವರೇ ಕೊಡ್ತಾರೆ ಅಂದ್ಕೊಂಡೆ, ನಮ್ಮಲ್ಲಿ ಕೋರ್ಟ್ ಅಂದ್ರೆ ಕಟ್ಟಡನೂ ಸೇರಿ ಬರುತ್ತಲ್ಲ. ಹಾಗಲ್ಲ ಅದು. ಎಸ್‌ಐಎಸಿ ಕೇಸ್ ನಡೆಸಿಕೊಡೋ ಸಂಸ್ಥೆ, ಫೈಲಿಂಗ್, ಆರ್ಬಿಟ್ರೇಟರ್ ನೇಮಕ, ಫೀಸು ಇತ್ಯಾದಿ ಅವರ ಕೆಲ್ಸ. ಹಿಯರಿಂಗ್‌ಗೆ ರೂಮ್ ನಾವೇ ಬುಕ್ ಮಾಡ್ಬೇಕು, ಅದಕ್ಕೇ ಅಂತ ಇರೋದು ಮ್ಯಾಕ್ಸ್‌ವೆಲ್ ಚೇಂಬರ್ಸ್, ಬೇರೇನೇ ಸಂಸ್ಥೆ. ಎಸ್‌ಐಎಸಿ ಆಫೀಸ್ ಕೂಡ ಅದೇ ಕಾಂಪ್ಲೆಕ್ಸ್‌ನಲ್ಲೇ ಇರೋದ್ರಿಂದ ನನ್ನಂಥೋರಿಗೆ ಎರಡೂ ಒಂದೇ ಅನ್ಸೋದು ಸಹಜ.

ಇನ್ನೊಂದು ಗೊಂದಲ ಸೀಟ್ ಮತ್ತೆ ವೆನ್ಯೂದು. ಸೀಟ್ ಅಂದ್ರೆ ಯಾವ ದೇಶದ ಕೋರ್ಟು, ಯಾವ ದೇಶದ ಕಾನೂನು ಈ ಆರ್ಬಿಟ್ರೇಷನ್ ಮೇಲೆ ಕೈ ಇಡಬಹುದು ಅನ್ನೋ ಲೆಕ್ಕ. ವೆನ್ಯೂ ಅಂದ್ರೆ ಬರೀ ಕುರ್ಚಿ ಹಾಕ್ಕೊಂಡು ಕೂರೋ ಜಾಗ. ಅಮೆಜಾನ್‌ಗೂ ಫ್ಯೂಚರ್ ರಿಟೇಲ್ ಕಂಪನಿಗೂ ಆದ ಜಗಳ ನೆನಪಿರಬೇಕು ನಿಮಗೆ, ಅದು ನಡೆದಿದ್ದು ಎಸ್‌ಐಎಸಿ ನಿಯಮದ ಪ್ರಕಾರ ಆದ್ರೂ ಸೀಟ್ ಇದ್ದಿದ್ದು ದೆಹಲಿ, ಅದಕ್ಕೇ 2021ರಲ್ಲಿ ಅದು ನಮ್ ಸುಪ್ರೀಂ ಕೋರ್ಟ್ ಮುಂದೆ ನಮ್ 1996ರ ಆರ್ಬಿಟ್ರೇಷನ್ ಕಾಯ್ದೆ ಪ್ರಕಾರ ತೀರ್ಮಾನ ಆಗಿದ್ದು. ಹಾಗೇ ನಮ್ ಕೇಸ್‌ನಲ್ಲಿ ಸೀಟ್ ಸಿಂಗಾಪುರ ಆದ್ರೂ ಎರಡೂ ಕಡೆಯೋರು, ಟ್ರಿಬ್ಯುನಲ್ (ಅಂದ್ರೆ ಕೇಸ್ ಕೇಳೋ ಆರ್ಬಿಟ್ರೇಟರ್‌ಗಳು) ಒಪ್ಪಿದ್ರೆ ಹಿಯರಿಂಗ್ ಬೆಂಗಳೂರಲ್ಲೂ ಮಾಡ್ಬಹುದಿತ್ತು. ನಮ್ ಎಂಡಿ ಇದೇ ಹಿಡ್ಕೊಂಡ್ರು, "ಎಲ್ಲ ಸಾಕ್ಷಿಗಳೂ ಇಲ್ಲೇ ಇದಾರೆ, ಸುಮ್ನೆ ಯಾಕೆ ಅಷ್ಟು ದೂರ, ಇಲ್ಲೇ ಯಾವ್ದಾದ್ರೂ ಹೋಟೆಲ್ ಹಾಲ್ ತಗೊಳ್ಳಿ" ಅಂತ.

ಹೋಟೆಲ್ ಹಾಲ್ ಅಂದ ತಕ್ಷಣ ನಾನು ಕೈ ಮುಗಿದೆ. ಅದಕ್ಕಿಂತ ಹಿಂದಿನ ಒಂದು ಕೇಸು, ನಮ್ಮೂರಲ್ಲೇ, ಒಂದು ದೊಡ್ಡ ಹೋಟೆಲ್‌ನಲ್ಲಿ ಮಾಡಿದ್ವಿ, ಹೆಸರು ಬೇಡ. ಹಾಲ್ ಚೆನ್ನಾಗೇ ಇತ್ತು, ಗಾಜಿನ ದೀಪ, ಮೆತ್ತಗಿನ ಕಾರ್ಪೆಟ್. ಆದ್ರೆ ಒಂದು ಕಡೆ ಗೋಡೆ ಗೋಡೆ ಅಲ್ಲ, ಮಡಚೋ ಪಾರ್ಟಿಷನ್. ಎರಡನೇ ದಿನ ಮಧ್ಯಾಹ್ನ ಆಕಡೆ ರಿಸೆಪ್ಷನ್‌ಗೆ ತಯಾರಿ, ಮೂರು ಗಂಟೆಗೆ ವಾಲಗದೋರು ಬಂದು ಶ್ರುತಿ ನೋಡ್ಕೊಳ್ಳೋಕೆ ಶುರು ಮಾಡಿದ್ರು. ಈಕಡೆ ನಮ್ ಫೈನಾನ್ಸ್ ಹೆಡ್ ಕ್ರಾಸ್ ಎಕ್ಸಾಮಿನೇಷನ್ (ಪಾಟಿ ಸವಾಲು) ನಡೀತಾ ಇದೆ, ಲಾಯರ್ ಪ್ರಶ್ನೆ ಕೇಳ್ತಾರೆ, ಪೀಂ ಅಂತ ಬರುತ್ತೆ, ಮತ್ತೆ ಕೇಳ್ತಾರೆ, ಮತ್ತೆ ಪೀಂ. ಆರ್ಬಿಟ್ರೇಟರ್ ಆಗಿದ್ದ ನಿವೃತ್ತ ಜಡ್ಜ್ ಸಾಹೇಬ್ರು ಪೆನ್ ಕೆಳಗಿಟ್ಟು "ಮುಹೂರ್ತ ಮುಗಿಲಿ, ಆಮೇಲೆ ಮುಂದುವರ್ಸೋಣ" ಅಂದ್ರು. ಅವತ್ತು ಅರ್ಧ ದಿನ ಹೋಯ್ತು, ಆ ಅರ್ಧ ದಿನಕ್ಕೆ ಎರಡೂ ಕಡೆ ಸೀನಿಯರ್‌ಗಳ ಫೀಸು ಎಷ್ಟು ಅಂತ ನಾನು ಬರೆಯಲ್ಲ, ಓದಿದ್ರೆ ನಿಮಗೂ ಹೊಟ್ಟೆ ಉರಿಯುತ್ತೆ. ಬೆಂಗಳೂರಲ್ಲಿ ರೇಸ್ ಕೋರ್ಸ್ ರಸ್ತೆಲಿ ಖನಿಜ ಭವನದಲ್ಲಿ ಹೈಕೋರ್ಟ್ ಕಡೆಯಿಂದ ಆರ್ಬಿಟ್ರೇಷನ್ ಸೆಂಟರ್ ಇದೆ, ಹೆಸರಲ್ಲೇ ಡೊಮೆಸ್ಟಿಕ್ ಮತ್ತು ಇಂಟರ್‌ನ್ಯಾಷನಲ್ ಅಂತಿದೆ, ದೇಶದೊಳಗಿನ ಕೇಸ್‌ಗೆ ನಾನು ಮೊದಲು ನೋಡೋದು ಅದನ್ನೇ. ಈ ಕೇಸ್‌ನಲ್ಲಿ ಅದನ್ನೂ ಕೇಳಿ ನೋಡಿದ್ವಿ, ಎದುರು ಪಾರ್ಟಿಯೋರು ಬೆಂಗಳೂರು ಅಂದ್ರೇ ಸುತಾರಾಂ ಒಪ್ಲಿಲ್ಲ. ಹಂಗಾಗಿ ಮ್ಯಾಕ್ಸ್‌ವೆಲ್.

ಕಟ್ಟಡ ಇರೋದು ಮ್ಯಾಕ್ಸ್‌ವೆಲ್ ರೋಡ್‌ನಲ್ಲಿ, ತಂಜಾಂಗ್ ಪಗಾರ್ ಮೆಟ್ರೋ ಹತ್ರ. ಹಿಂದೆ ಕಸ್ಟಮ್ಸ್‌ನೋರ ಕಟ್ಟಡ ಆಗಿತ್ತಂತೆ, 2010ರಲ್ಲಿ ಆರ್ಬಿಟ್ರೇಷನ್‌ಗೆ ಅಂತಾನೇ ಅಧಿಕೃತವಾಗಿ ತೆರೆದ್ರು. ಪಕ್ಕದ ಹಳೇ ಟ್ರಾಫಿಕ್ ಪೊಲೀಸ್ ಹೆಡ್‌ಕ್ವಾರ್ಟರ್ಸ್ ಮಧ್ಯದಲ್ಲಿ ಸ್ವಲ್ಪ ವರ್ಷ ಡಿಸೈನ್ ಮ್ಯೂಸಿಯಂ ಆಗಿ, 2019ರಲ್ಲಿ ಮ್ಯಾಕ್ಸ್‌ವೆಲ್ ಚೇಂಬರ್ಸ್ ಸೂಟ್ಸ್ ಅಂತಾಯ್ತು, ಎಸ್‌ಐಎಸಿ ಆಫೀಸ್ ಈಗಿರೋದು ಅದರಲ್ಲೇ. ಹೊರಗಿಂದ ನೋಡಿದ್ರೆ ನಮ್ ಕಬ್ಬನ್ ಪಾರ್ಕ್ ಸುತ್ತಮುತ್ತಲಿನ ಹಳೇ ಸರ್ಕಾರಿ ಕಟ್ಟಡದ ಗತ್ತು, ಒಳಗೆ ಹೋದ್ರೆ ಸದ್ದೇ ಇಲ್ಲ. ಪಕ್ಕದ ರೂಮ್‌ನಲ್ಲೂ ಒಂದು ಕೇಸ್ ನಡೀತಿತ್ತು, ಐದು ದಿನದಲ್ಲಿ ಒಂದು ಕೆಮ್ಮು ಕೂಡ ಈಕಡೆ ಕೇಳಿಸ್ಲಿಲ್ಲ. ಪೀಂ ಕೇಳಿ ಬಂದಿರೋ ನನಗೆ ಅದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ ಅನ್ನಿಸ್ತು.

ಈಗ ರೂಮ್ ಲೆಕ್ಕ, ಇದನ್ನ ಸ್ವಲ್ಪ ಗಮನ ಇಟ್ಟು ಓದಿ, ನಾನು ಎಡವಿದ್ದು ಇಲ್ಲೇ. ಹಿಯರಿಂಗ್ ರೂಮ್ ಒಂದು ಬುಕ್ ಮಾಡಿದ್ರೆ ಆಯ್ತು ಅಂದ್ಕೋಬೇಡಿ. ಮೂರು ಜನ ಆರ್ಬಿಟ್ರೇಟರ್‌ಗಳು ಆಗಾಗ ಎದ್ದು ಹೋಗಿ ಅವರೊಳಗೇ ಮಾತಾಡ್ಕೊಳ್ಳೋಕೆ ಅವರಿಗೊಂದು ರೂಮು. ನಮ್ ಕಡೆಯೋರಿಗೆ ಒಂದು, ಎದುರು ಕಡೆಯೋರಿಗೆ ಒಂದು, ಇದಕ್ಕೆ ಬ್ರೇಕ್‌ಔಟ್ ರೂಮ್ ಅಂತಾರೆ, ಫೈಲು, ಪ್ರಿಂಟರು, ಕುರುಕಲು ತಿಂಡಿ, ಜೂನಿಯರ್‌ಗಳು ಎಲ್ಲ ಅಲ್ಲಿ. ಹಿಯರಿಂಗ್ ರೂಮ್ ಮತ್ತೆ ಟ್ರಿಬ್ಯುನಲ್ ರೂಮ್ ಖರ್ಚು ಸದ್ಯಕ್ಕೆ ಇಬ್ರೂ ಅರ್ಧರ್ಧ, ಬ್ರೇಕ್‌ಔಟ್ ಅವರವರ ಜೇಬಿಂದ ಅಂತ ಮಾತಾಯ್ತು, ಕೊನೆಗೆ ಯಾರು ಯಾರಿಗೆ ಕೊಡ್ಬೇಕು ಅನ್ನೋದು ತೀರ್ಪಲ್ಲಿ ಬರುತ್ತೆ. ಇಷ್ಟರ ಮೇಲೆ ಸಾಕ್ಷಿಗಳು ಕಾಯೋಕೆ ಇನ್ನೊಂದು ಚಿಕ್ಕ ರೂಮ್ ಬೇಕಾ ಅಂತ ಮ್ಯಾಕ್ಸ್‌ವೆಲ್‌ನೋರೇ ಮೇಲ್‌ನಲ್ಲಿ ಕೇಳಿದ್ರು. ನಾನು ದುಡ್ಡು ಉಳ್ಸೋ ಹುಮ್ಮಸ್ಸಲ್ಲಿ ಬೇಡ ಅಂದೆ. ಆಮೇಲೆ ನಮ್ ಸಾಕ್ಷಿ ಕಾರಿಡಾರ್‌ನಲ್ಲಿ ಕಾಫಿ ಮೆಷಿನ್ ಪಕ್ಕ ಕೂತು, ಬಂದು ಹೋಗೋ ಎದುರು ಪಾರ್ಟಿ ಲಾಯರ್‌ಗಳಿಗೆಲ್ಲ ನಮಸ್ಕಾರ ಹೊಡೀತಾ ಇದ್ರು. ನಮ್ ಸೀನಿಯರ್ ಲಾಯರ್ ಅದನ್ನ ನೋಡಿ ನನ್ನ ನೋಡಿದ ನೋಟ ಇನ್ನೂ ಮರ್ತಿಲ್ಲ. ಬುಕ್ಕಿಂಗ್‌ನೋರನ್ನ ಕೇಳಿ ಎರಡನೇ ದಿನಕ್ಕೆ ಒಂದು ಚಿಕ್ಕ ರೂಮ್ ಹೊಂದಿಸ್ಕೊಂಡೆ, ನಮ್ ಪುಣ್ಯ, ಖಾಲಿ ಇತ್ತು.

ಕ್ಯಾನ್ಸಲೇಷನ್ ನಿಯಮ ಓದದೆ ಎಲ್ಲಿ ಬುಕ್ ಮಾಡಿದ್ರೂ ಸಹಿ ಹಾಕ್ಬೇಡಿ, ಇದು ಎಲ್ಲ ವೆನ್ಯೂಗೂ, ಎಲ್ಲ ಸರ್ವೀಸ್‌ಗೂ ಸೇರಿಸಿ ಹೇಳ್ತಿರೋದು. ನಮಗೆ ವಾಯಿದೆ ಅಭ್ಯಾಸ ಆಗಿಹೋಗಿದೆ, ಲಾಯರ್ ಎದ್ದು ನಿಂತು ಟೈಮ್ ಕೇಳಿದ್ರೆ ಮುಂದಿನ ತಿಂಗಳು ಅಂತ. ಇಲ್ಲಿ ಡೇಟ್ ಹತ್ರ ಬಂದಷ್ಟೂ ವಾಪಸ್ ಬರೋ ದುಡ್ಡು ಕಮ್ಮಿ ಆಗ್ತಾ ಹೋಗುತ್ತೆ, ಹಾಲ್‌ದು ಒಂದು ಲೆಕ್ಕ, ಟ್ರಾನ್ಸ್‌ಕ್ರಿಪ್ಟ್‌ನೋರ್ದು ಇನ್ನೊಂದು, ದುಭಾಷಿದು ಮತ್ತೊಂದು. ಅದನ್ನೆಲ್ಲ ಒಂದು ಎಕ್ಸೆಲ್ ಶೀಟ್‌ಗೆ ಹಾಕಿ ಲಾಯರ್‌ಗೆ ಕಳ್ಸಿ, "ಮುಂದೂಡೋದಿದ್ರೆ ಈ ತಾರೀಖಿನೊಳಗೆ ಹೇಳ್ಬಿಡಿ ಸಾರ್" ಅಂತ.

ಟ್ರಾನ್ಸ್‌ಕ್ರಿಪ್ಟ್ ಅಂದ್ರೆ ನಮ್ ಕೋರ್ಟ್‌ನಲ್ಲಿ ಸ್ಟೆನೋ ಡಿಕ್ಟೇಷನ್ ತಗೊಳ್ಳೋ ಥರ ಅಲ್ಲ. ಇಲ್ಲಿ ರಿಪೋರ್ಟರ್ ಒಬ್ಬರು ಪುಟಾಣಿ ಮೆಷಿನ್ ಮೇಲೆ ಬೆರಳಾಡಿಸ್ತಾ ಇದ್ರೆ, ಬಾಯಿಂದ ಬಂದ ಮಾತು ಒಂದೆರಡು ಸೆಕೆಂಡ್‌ನಲ್ಲಿ ಎಲ್ಲರ ಮುಂದಿನ ಸ್ಕ್ರೀನ್ ಮೇಲೆ ಓಡುತ್ತೆ, ಸಂಜೆಗೆ ಆ ದಿನದ್ದು ಪೂರ್ತಿ ಮೇಲ್‌ನಲ್ಲಿ ಬರುತ್ತೆ. ಮೊದಲ ದಿನ ಬಾಯಿ ಬಿಟ್ಕೊಂಡು ನೋಡ್ತಾ ಕೂತಿದ್ದೆ. ಅವರಿಗೆ ವಾರದ ಮುಂಚೆನೇ ಹೆಸರುಗಳ ಪಟ್ಟಿ ಕೊಡಿ. ನಾನು ಜನರ ಹೆಸರು, ಕಂಪನಿ ಹೆಸರು ಕೊಟ್ಟಿದ್ದೆ, ಊರ ಹೆಸರು ಕೊಡೋದು ಮರ್ತಿದ್ದೆ, ನಮ್ ದಾಬಸ್‌ಪೇಟೆ ಯೂನಿಟ್ ಒಂದೇ ದಿನದಲ್ಲಿ ನಾಲ್ಕು ಥರ ಸ್ಪೆಲಿಂಗ್‌ನಲ್ಲಿ ಬಂತು. ತಪ್ಪು ಅವರದ್ದಲ್ಲ, ಆ ಊರಿನ ಬೋರ್ಡ್‌ಗಳಲ್ಲೇ ನಾಲ್ಕು ಥರ ಇದೆ.

ದುಭಾಷಿ ವಿಷ್ಯಕ್ಕೆ ಬರ್ತೀನಿ, ಅಸಲಿ ಕಥೆ ಇರೋದೇ ಇಲ್ಲಿ. ನಮ್ ಮುಖ್ಯ ಸಾಕ್ಷಿ ಮೂವತ್ತು ವರ್ಷ ಶಾಪ್ ಫ್ಲೋರ್‌ನಲ್ಲಿದ್ದು ರಿಟೈರ್ ಆದೋರು, ತುಮಕೂರು ಕಡೆಯೋರು, ಮೆಷಿನ್ ಬಗ್ಗೆ ಇಂಗ್ಲಿಷ್‌ನಲ್ಲೂ ಮಾತಾಡ್ತಾರೆ, ಆದ್ರೆ ಲಾಯರ್ ಮುಂದೆ ಇಂಗ್ಲಿಷ್ ಬೇಡ, ಕನ್ನಡದಲ್ಲೇ ಹೇಳ್ತೀನಿ ಅಂದ್ರು. ಸರಿಯಾದ ತೀರ್ಮಾನನೇ. ಚೈನೀಸ್, ಕೊರಿಯನ್, ಜಪಾನೀಸ್ ದುಭಾಷಿಗಳು ಬೇಕಾದಷ್ಟು ಸಿಗ್ತಾರೆ, ಕನ್ನಡ ಅಂದ್ರೆ ಫೋನ್ ಆಕಡೆಯಿಂದ ಒಂದು ಕ್ಷಣ ಮೌನ. ಒಂದು ಏಜೆನ್ಸಿಯೋರು "ತಮಿಳು ನಡೆಯುತ್ತಾ" ಅಂತ ಕೇಳಿದ್ರು, ನಾನು ನಯವಾಗೇ ಫೋನ್ ಇಟ್ಟೆ. ಕೊನೆಗೆ ಇನ್ನೊಂದು ಏಜೆನ್ಸಿ ಮೂಲಕ ಒಬ್ಬ ಮೇಡಂ ಸಿಕ್ಕಿದ್ರು. ಇಂಗ್ಲಿಷ್ ಅದ್ಭುತ. ಕನ್ನಡನೂ ಅದ್ಭುತವೇ, ಆದ್ರೆ ಅದು ವಾರ್ತೆ ಓದೋ ಕನ್ನಡ. ಕ್ರಾಸ್ ಶುರು ಆಯ್ತು, ಎದುರು ಲಾಯರ್ ಏನೋ ಕೇಳಿದ್ರು, ಮೇಡಂ ಗಂಭೀರವಾಗಿ "ಸದರಿ ದಿನಾಂಕದಂದು ತಾವು ಸದರಿ ಸಲಕರಣೆಯ ತಪಾಸಣೆಯನ್ನು ಕೈಗೊಂಡಿದ್ದೀರಾ" ಅಂದ್ರು. ನಮ್ ಸಾಕ್ಷಿ ಯಜಮಾನ್ರು ಕನ್ನಡಕ ಮೇಲೇರಿಸ್ಕೊಂಡು "ಅಮ್ಮಾ, ಒಸಿ ನಮ್ ಕನ್ನಡದಾಗೆ ಕೇಳ್ರಮ್ಮ" ಅಂದ್ರು. ಅದನ್ನೂ ಮೇಡಂ ನಿಷ್ಠೆಯಿಂದ ಇಂಗ್ಲಿಷ್ ಮಾಡಿ ಹೇಳಿದ್ರು, ಅದು ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಾಶ್ವತವಾಗಿ ಕೂತಿದೆ.

ಅದಾದ್ಮೇಲೆ ಡಿಸಿ ಪ್ರಸಂಗ. ನಮಗೆ ಡಿಸಿ ಅಂದ್ರೆ ಡೆಲಿವರಿ ಚಲನ್, ಮಾಲು ಗೇಟಿಂದ ಆಚೆ ಹೋಗೋವಾಗ ಹಾಕೋದು. ಯಜಮಾನ್ರು "ಡಿಸಿ ಹಾಕಿ ಕಳ್ಸಿದ್ವಿ" ಅಂದ್ರು. ಕೇಸ್ ಇರೋದು ಎಲೆಕ್ಟ್ರಿಕಲ್ ಪ್ಯಾನಲ್ ಬಗ್ಗೆ, ಮೇಡಂ ಡಿಸಿನ ಡಿಸಿ ಅಂತಲೇ ಬಿಟ್ರು, ಟ್ರಿಬ್ಯುನಲ್ ಅಧ್ಯಕ್ಷರು ಅದನ್ನ ಡೈರೆಕ್ಟ್ ಕರೆಂಟ್ ಅಂತ ತಿಳ್ಕೊಂಡು, ಹಂಗಾದ್ರೆ ಎಸಿ ಪ್ಯಾನಲ್‌ಗೆ ಡಿಸಿ ಸಪ್ಲೈ ಕೊಟ್ಟು ಟೆಸ್ಟ್ ಮಾಡಿದ್ರಾ ಅಂತ ಅವರೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು. ಹತ್ತು ನಿಮಿಷ ಹೋಯ್ತು ಅದು ಬಗೆಹರಿಯೋಕೆ. ಹತ್ತು ನಿಮಿಷ ಅಂದ್ರೆ ಸುಮ್ನೆ ಅಲ್ಲ, ಇಲ್ಲಿ ಚೆಸ್ ಆಟದ ಗಡಿಯಾರದ ಥರ ಎರಡೂ ಕಡೆಗೆ ಇಷ್ಟಿಷ್ಟು ಗಂಟೆ ಅಂತ ಹಂಚಿರ್ತಾರೆ, ಯಾರ ಸಮಯ ಓಡ್ತಿದೆ ಅಂತ ನಿಮಿಷದ ಲೆಕ್ಕ ಇರುತ್ತೆ. ಅನುವಾದಕ್ಕೆ ಹಿಡಿಯೋ ಟೈಮ್ ಯಾರ ಲೆಕ್ಕಕ್ಕೆ ಅಂತ ಮೊದ್ಲೇ ಟ್ರಿಬ್ಯುನಲ್ ಹತ್ರ ಬರೆಸ್ಕೊಳ್ಳಿ, ನಮ್ ಲಾಯರ್ ಅದೊಂದು ಸರಿಯಾಗಿ ಮಾಡಿದ್ರು.

ಆದ್ರೆ ನಿಜವಾಗ್ಲೂ ಬೆವರು ಬಂದಿದ್ದು ಒಂದು "ನೋಡೋಣ"ಕ್ಕೆ. ಬಯರ್ ಕಡೆ ಬೆಂಗಳೂರಲ್ಲಿದ್ದ ಎಂಜಿನಿಯರ್ ಫೋನ್‌ನಲ್ಲಿ ಎರಡು ವಾರದಲ್ಲಿ ಕೊಡ್ತೀರಾ ಅಂತ ಕೇಳಿದ್ದಕ್ಕೆ ನೀವೇನಂದ್ರಿ ಅನ್ನೋದು ಪ್ರಶ್ನೆ. "ನೋಡೋಣ ಸಾರ್ ಅಂದೆ" ಅಂದ್ರು ಯಜಮಾನ್ರು. ಮೇಡಂ ಅದನ್ನ ಅಕ್ಷರಕ್ಕೆ ಅಕ್ಷರ ಇಂಗ್ಲಿಷ್ ಮಾಡಿದ್ರು. ಎದುರು ಲಾಯರ್ ಮುಖ ಅರಳ್ತು, ಅಂದ್ರೆ ಪ್ರಯತ್ನ ಮಾಡ್ತೀನಿ ಅಂತ ಒಪ್ಕೊಂಡ್ರಿ ತಾನೆ? ಯಜಮಾನ್ರಿಗೆ ಆಶ್ಚರ್ಯ, "ಇಲ್ಲಾ ಸ್ವಾಮಿ, ನೋಡೋಣ ಅಂದ್ರೆ ಆಗಲ್ಲ ಅಂತ. ಮುಖಕ್ಕೆ ಹೊಡ್ದಂಗೆ ಹೆಂಗೆ ಹೇಳಾದು?" ರೂಮ್ ಪೂರ್ತಿ ಮೌನ. ಟ್ರಿಬ್ಯುನಲ್‌ನಲ್ಲಿ ಒಬ್ರು ಭಾರತದೋರಿದ್ರು, ಅವರೊಬ್ರೇ ತಲೆ ತಗ್ಗಿಸ್ಕೊಂಡು ಏನೋ ಬರ್ಕೊಂಡ್ರು, ನಗು ತಡ್ಕೊಂಡಿದ್ರು ಅಂತ ನನ್ ಅನುಮಾನ. ಮೇಡಂನ ದೂರೋಕಾಗಲ್ಲ, ದುಭಾಷಿ ಇದ್ದಿದ್ದನ್ನ ಇದ್ದಂಗೆ ಹೇಳ್ಬೇಕು, ಅರ್ಥ ಬಿಡಿಸಿ ಹೇಳೋದು ಅವರ ಕೆಲ್ಸ ಅಲ್ಲ. ನನ್ ದೂರು ಏಜೆನ್ಸಿ ಮೇಲೆ. ಸಾಕ್ಷಿ ಜೊತೆ ಅರ್ಧ ಗಂಟೆ ಸುಮ್ನೆ ಊರು ಕೇರಿ ಮಾತಾಡೋಕೆ ಬಿಡಿ, ಭಾಷೆ ಹೊಂದುತ್ತಾ ನೋಡ್ಕೊಳ್ಳಲಿ ಅಂತ ನಾನು ಎರಡು ಸಲ ಕೇಳಿದ್ದೆ, ಎದುರು ಪಾರ್ಟಿ ಒಪ್ಪಿಗೆನೂ ತಗೊಂಡಿದ್ದೆ, "ಅದರ ಅಗತ್ಯ ಇಲ್ಲ, ನಮ್ಮೋರು ಅನುಭವಿಗಳು" ಅಂತ ತಳ್ಳಿಹಾಕಿದ್ರು. ಬಿಲ್ ಕಳ್ಸೋವಾಗ ಮಾತ್ರ ಓವರ್‌ಟೈಮ್ ಹಾಕೋದು ಮರೀಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಲ್ಲಿ ಇನ್ನೊಂದು ಸಂಕಟ. ಕ್ರಾಸ್ ಅರ್ಧಕ್ಕೆ ನಿಂತಾಗ ಸಾಕ್ಷಿ ಜೊತೆ ನಾವ್ಯಾರೂ ಕೇಸ್ ಬಗ್ಗೆ ಮಾತಾಡೋ ಹಾಗಿಲ್ಲ, ನಮ್ ಲಾಯರ್ ಇನ್ನೂ ಹುಷಾರು, ಮಾತೇ ಬೇಡ ಅಂದ್ಬಿಟ್ರು. ಮೊದಲನೇ ದಿನ ಆ ಯಜಮಾನ್ರು ಕಾರಿಡಾರ್ ಕೊನೇಲಿ ಒಬ್ರೇ ಕೂತು ಡಬ್ಬಿಲಿ ತಂದಿದ್ದ ಚಪಾತಿ, ಚಟ್ನಿಪುಡಿ ತಿಂತಿದ್ರು. ನಾನು ನೋಡಿಯೂ ನೋಡ್ದಂಗೆ ದಾಟಿ ಹೋದೆ. ಸಂಜೆ ಅವರ ಸರದಿ ಮುಗಿದ್ಮೇಲೆ ಗೊತ್ತಾಗಿದ್ದು, ಪಾಪ ಅವರು "ನಾನೇನೋ ತಪ್ಪು ಹೇಳ್ಬಿಟ್ಟೆ, ಅದಕ್ಕೇ ಎಲ್ರೂ ಸಿಟ್ಟಾಗವ್ರೆ" ಅಂದ್ಕೊಂಡಿದ್ರಂತೆ. ನಿಮ್ ಸಾಕ್ಷಿಗೆ ಈ ನಿಯಮ ಊರು ಬಿಡೋಕೆ ಮುಂಚೆನೇ ಹೇಳಿ. ಮನೆಯೋರ ಮುಂದೆ ಹೇಳಿ.

ಬಂಡಲ್‌ಗಳ ಬಗ್ಗೆ, ಅಂದ್ರೆ ಕೇಸ್‌ನ ದಾಖಲೆಗಳ ಕಟ್ಟಿನ ಬಗ್ಗೆ ಚಿಕ್ಕದಾಗಿ. ಈಗ ಎಲ್ಲ ಪಿಡಿಎಫ್, ಸ್ಕ್ರೀನ್ ಮೇಲೆ ಡಾಕ್ಯುಮೆಂಟ್ ತೋರ್ಸೋಕೆ ಬೇಕಾದ್ರೆ ಒಬ್ರನ್ನ ಬೇರೆಯಾಗಿ ನೇಮಿಸ್ಕೋಬಹುದು. ಆದ್ರೂ ನಮ್ ಟ್ರಿಬ್ಯುನಲ್‌ನಲ್ಲಿ ಒಬ್ರು ಪೇಪರ್ ಬೇಕು ಅಂದ್ರು. ಸಿಂಗಾಪುರದ ಪ್ರಿಂಟಿಂಗ್ ರೇಟ್ ನೋಡಿ ಗಾಬರಿಯಾಗಿ ಇಲ್ಲೇ ಕೋರ್ಟ್ ಹತ್ರದ ಜೆರಾಕ್ಸ್ ಅಂಗಡಿಲಿ ಮಾಡಿಸಿದೆ. ಆ ಪುಣ್ಯಾತ್ಮ ಅಭ್ಯಾಸಬಲದಿಂದ ಅರ್ಧ ಸೆಟ್‌ನ ಕೋರ್ಟ್ ಫೈಲಿಂಗ್‌ನ ಉದ್ದ ಹಾಳೆಗೆ ಹೊಡ್ದು, ಮೂಲೆಗೆ ತೂತು ಹಾಕಿ, ದಾರದ ಟ್ಯಾಗ್ ಕಟ್ಟಿ ಕೊಟ್ಟಿದ್ದ. ಎ4 ಸೈಜು, ಎಡಗಡೆ ಎರಡು ತೂತು, ದಪ್ಪ ಕ್ಲಿಪ್ ಇರೋ ಬಾಕ್ಸ್ ಫೈಲ್, ಇಷ್ಟು ಬರೆದು ಕೊಟ್ಟಿದ್ರೂ. ಕೊನೆಗೆ ಎಲ್ಲ ಸಿಂಗಾಪುರದಲ್ಲೇ ಮತ್ತೆ ಪ್ರಿಂಟ್ ಆಯ್ತು, ಉಳಿಸ್ಬೇಕು ಅಂದ್ಕೊಂಡ ದುಡ್ಡಿನ ಡಬಲ್.

ವಿಡಿಯೋ ಕಡೆಯಿಂದ ತೊಂದ್ರೆ ಆಗ್ಲಿಲ್ಲ. ಎದುರು ಪಾರ್ಟಿ ಎಕ್ಸ್‌ಪರ್ಟ್ ಲಂಡನ್‌ನಿಂದ ಮಾತಾಡಿದ್ರು, ಬೇಸಿಗೆಲಿ ಸಿಂಗಾಪುರ ಲಂಡನ್‌ಗಿಂತ ಏಳು ಗಂಟೆ ಮುಂದೆ, ಹಂಗಾಗಿ ಅವರನ್ನ ಸಂಜೆ ನಾಲ್ಕಕ್ಕೆ ಇಟ್ಕೊಂಡ್ರು. ಶುರುವಿನಲ್ಲಿ ಕ್ಯಾಮೆರಾನ ರೂಮ್ ಸುತ್ತ ತಿರುಗ್ಸಿ ಬೇರೆ ಯಾರೂ ಇಲ್ಲ ಅಂತ ತೋರಿಸ್ಬೇಕಾಯ್ತು. ನಮ್ ಅಕೌಂಟೆಂಟ್ ಬೆಂಗಳೂರಿಂದಲೇ ಸಾಕ್ಷಿ ಹೇಳಿದ್ರು, ನಮಗೂ ಸಿಂಗಾಪುರಕ್ಕೂ ಎರಡೂವರೆ ಗಂಟೆ ವ್ಯತ್ಯಾಸ, ಅಲ್ಲಿ ಒಂಬತ್ತೂವರೆ ಅಂದ್ರೆ ಇಲ್ಲಿ ಬೆಳಿಗ್ಗೆ ಏಳು, ಪಾಪ ಆಕೆ ಆರಕ್ಕೇ ಆಫೀಸ್‌ಗೆ ಬಂದು ವಾಚ್‌ಮನ್ ಹತ್ರ ಬಾಗಿಲು ತೆಗೆಸಿದ್ರು. ಮ್ಯಾಕ್ಸ್‌ವೆಲ್‌ನ ಟೆಕ್ನಿಕಲ್ ಹುಡುಗರು ಹಿಂದಿನ ದಿನವೇ ಇಬ್ರಿಗೂ ಟೆಸ್ಟ್ ಕಾಲ್ ಮಾಡಿ, ಆಕೆಯ ಹೆಡ್‌ಫೋನ್ ಗೊರಗೊರ ಅಂತಿದೆ, ಬದಲಾಯ್ಸಿ ಅಂತ ಹೇಳಿದ್ರು. ಆ ಒಂದು ಮಾತಿಂದ ನಾವು ಉಳ್ಕೊಂಡ್ವಿ.

ದುಡ್ಡಿನ ವಿಚಾರ. ಮ್ಯಾಕ್ಸ್‌ವೆಲ್ ಅಗ್ಗ ಅಂತೂ ಅಲ್ಲ, ಆದ್ರೆ ಕೊಟೇಷನ್‌ನಲ್ಲಿ ಇದ್ದಿದ್ದೇ ಬಿಲ್‌ನಲ್ಲಿ ಬಂತು. ಸಿಂಗಾಪುರದ ಜಿಎಸ್‌ಟಿ 2024ರಿಂದ ಶೇಕಡ 9, ಕೊಟೇಷನ್ ನೋಡೋವಾಗ ಅದು ಸೇರಿದೆಯಾ ಇಲ್ವಾ ನೋಡ್ಕೊಳ್ಳಿ. ನಮ್ ಕಡೆಯ ತಲೆನೋವು ದುಡ್ಡು ಕಳ್ಸೋದು. ಪ್ರತಿ ಹೊರದೇಶದ ಇನ್‌ವಾಯ್ಸ್‌ಗೂ ಬ್ಯಾಂಕ್‌ನೋರು 15ಸಿಎ, 15ಸಿಬಿ ಅನ್ನೋ ಇನ್‌ಕಮ್ ಟ್ಯಾಕ್ಸ್ ಫಾರಂ ಕೇಳಿದ್ರು, ಅದಕ್ಕೆ ಸಿಎ ಸರ್ಟಿಫಿಕೇಟು, ಟಿಡಿಎಸ್ ಬರುತ್ತಾ ಇಲ್ವಾ ಅಂತ ಅವರ ಜೊತೆ ಚರ್ಚೆ. ಹಾಲ್, ಟ್ರಾನ್ಸ್‌ಕ್ರಿಪ್ಟ್, ದುಭಾಷಿ, ಪ್ರಿಂಟಿಂಗ್ ಅಂತ ನಾಲ್ಕು ಕಡೆ ನಾಲ್ಕು ಇನ್‌ವಾಯ್ಸ್ ಮಾಡಿಸ್ಕೊಂಡಿದ್ದು ನನ್ನ ದಡ್ಡತನ, ನಾಲ್ಕು ಸಲ ಅದೇ ಪೂಜೆ. ಆದಷ್ಟೂ ಒಂದೇ ಬಿಲ್‌ಗೆ ಬರೋ ಹಾಗೆ ಮಾಡ್ಕೊಳ್ಳಿ.

ಊಟಕ್ಕೆ, ಮಾಂಸ ತಿನ್ನೋರಿಗೆ ಚಿಂತೆನೇ ಇಲ್ಲ, ನಡ್ಕೊಂಡು ಹೋಗೋ ದೂರದಲ್ಲಿ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್, ಅಲ್ಲಿನ ಚಿಕನ್ ರೈಸ್‌ಗೆ ಕ್ಯೂ ನಿಂತಿರುತ್ತೆ. ಸಸ್ಯಾಹಾರಿಗಳು ಕೇಟರಿಂಗ್‌ಗೆ ಮೊದ್ಲೇ ಬರೆದು ಕೊಡ್ಬೇಕು, ಮೊಟ್ಟೆನೂ ಇಲ್ಲ, ಮೀನಿನ ಸಾಸೂ ಇಲ್ಲ ಅಂತ ಬಿಡಿಸಿ ಬರೀಬೇಕು. ಇನ್ನೊಂದು ಸ್ವಲ್ಪ ನಡೆದ್ರೆ ಸೌತ್ ಬ್ರಿಡ್ಜ್ ರೋಡ್‌ನಲ್ಲಿ ಹಳೇ ಮಾರಿಯಮ್ಮನ ಗುಡಿ ಇದೆ, ನಮ್ ಯಜಮಾನ್ರು ಸಾಕ್ಷಿ ಹೇಳೋ ದಿನ ಬೆಳಿಗ್ಗೆ ಅಲ್ಲಿ ಕೈ ಮುಗಿದು ಕುಂಕುಮ ಇಟ್ಕೊಂಡೇ ಬಂದಿದ್ದು. ಕೊನೇ ದಿನ ಎಲ್ರೂ ಲಿಟಲ್ ಇಂಡಿಯಾಕ್ಕೆ ಹೋಗಿ ಕೋಮಲ ವಿಲಾಸ್‌ನಲ್ಲಿ ದೋಸೆ ತಿಂದ್ವಿ, ಆಗ ಅವರು ಮೊದಲನೇ ಸಲ ಸರಿಯಾಗಿ ನಕ್ಕಿದ್ದು.

ವೆನ್ಯೂಗೆ ನನ್ ಕಡೆಯಿಂದ ಐದಕ್ಕೆ ಐದು. ದುಭಾಷಿ ಏಜೆನ್ಸಿಗೆ ಎರಡು, ಅದೂ ಮೇಡಂ ಮುಖ ನೋಡಿ. ತೀರ್ಪು ಇನ್ನೂ ಬಂದಿಲ್ಲ, ಪರಿಹಾರದ ಮೊತ್ತದ ಬಗ್ಗೆ ಇನ್ನೆರಡು ದಿನ ಹಿಯರಿಂಗ್ ಬೇಕಾಗ್ಬಹುದು ಅಂತ ಲಾಯರ್ ಅಂದಿದಾರೆ. ಅದಕ್ಕೆ ಸಾಕ್ಷಿ ರೂಮ್ ಸೇರಿಸಿ ಐದು ರೂಮ್‌ಗೆ ಕೊಟೇಷನ್ ಕೇಳಿದೀನಿ, ದುಭಾಷಿಗೆ ಕೊಡೋಕೆ ಅಂತ ಎರಡು ಪುಟದ ಪದಗಳ ಪಟ್ಟಿನೂ ಮಾಡಿಟ್ಟಿದೀನಿ, ಮೊದಲನೇ ಸಾಲು ಡಿಸಿ, ಎರಡನೇದು ನೋಡೋಣ.